ಬಂಗಲೆಯ ಕುರ್ಚಿ, ನಮ್ಮನೆಯ ಎಲೆ

ಆ ಧಾರಾವಾಹಿ ಶುರುವಾಗುವ ಮುಂಚೆ ಪರದೆಯ ಮೂಲೆಯಲ್ಲಿ ‘ಹದಿನಾರು ವರ್ಷ ಮೇಲ್ಪಟ್ಟವರಿಗೆ’ ಎಂದು ಬರುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಭಯ, ಸಾವು, ಮದ್ಯಪಾನ. ನನ್ನ ಮಗಳಿಗೆ ಆಗ ಹತ್ತು. ಭಯ, ಸಾವು ಎರಡನ್ನೂ ಅವಳು ನಮ್ಮ ಮನೆಯ ವರಾಂಡದಲ್ಲೇ ನೋಡಿಯಾಗಿತ್ತು. ಮದ್ಯಪಾನವೊಂದು ಬಾಕಿಯಿತ್ತು, ಅದು ಬೇಕಿದ್ದರೆ ಸಂಜೆ ಹೊತ್ತು ನಂಜನಗೂಡಿನ ಯಾವ ರಸ್ತೆಯಲ್ಲಾದರೂ ಸಿಗುತ್ತಿತ್ತು. ಹಾಗಾಗಿ ಆ ಎಚ್ಚರಿಕೆಯನ್ನು ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ.

ನನ್ನ ಗಂಡ ತೀರಿಕೊಂಡಿದ್ದು ಯುಗಾದಿಗೆ ಸ್ವಲ್ಪ ಮುಂಚೆ, ಒಂದು ಭಾನುವಾರ ಬೆಳಿಗ್ಗೆ. ಊರಾಚೆ ತಾಂಡ್ಯದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅವರು ಎಲೆಕ್ಟ್ರಿಷಿಯನ್, ಇನ್ನೊಂದರಲ್ಲಿ ನಾನು ಪ್ಯಾಕಿಂಗಿನಲ್ಲಿ. ಊಟವಾಗಲಿ ತಿಂಡಿಯಾಗಲಿ, ಕೊನೆಗೆ ಬಾಯಿಗೆ ಸಿಹಿ ಬೀಳದೆ ಎಲೆ ಮುಂದಿನಿಂದ ಏಳುವವರಲ್ಲ ಅವರು. ಏನೂ ಇಲ್ಲದಿದ್ದರೆ ಒಂದು ಚೂರು ಬೆಲ್ಲವಾದರೂ ಆಗಬೇಕು. ಕೊಡುವುದು ತಡವಾದರೆ ಕೈ ಒಣಗಿಸಿಕೊಂಡು ಕೂತೇ ಇರುತ್ತಿದ್ದರು. ಅವರನ್ನು ಏಳಗೊಡಬಾರದು ಅಂತಲೇ ಮಗಳು ಎಷ್ಟೋ ಸಲ ಬೆಲ್ಲದ ಡಬ್ಬಿ ಬಚ್ಚಿಟ್ಟು ಆಟವಾಡಿಸುತ್ತಿದ್ದಳು. ಆ ಭಾನುವಾರವೂ ದೋಸೆ ತಿಂದು, ನಾನು ಕೊಟ್ಟ ಬೆಲ್ಲ ಬಾಯಿಗೆ ಹಾಕಿಕೊಂಡು ಎದ್ದು ಹೋಗಿ ವರಾಂಡದ ಕುರ್ಚಿಯಲ್ಲಿ ಕೂತರು. ಎದೆ ಉರಿಯುತ್ತಿದೆ ಅಂದರು. ಆಟೋ ಬರುವಷ್ಟರಲ್ಲಿ ಮುಗಿದಿತ್ತು. ನೀರಿನ ಲೋಟ ಹಿಡಿದುಕೊಂಡು ಮಗಳು ಪಕ್ಕದಲ್ಲೇ ನಿಂತಿದ್ದಳು.

ಆಮೇಲೆ ನನಗೆ ಅಳು ಬರಲಿಲ್ಲ. ಬಂದವರೆಲ್ಲ ಅತ್ತುಬಿಡು, ಹಗುರಾಗುತ್ತೆ ಅಂದರು. ಯಾರೋ ಬೆನ್ನು ಸವರಿದರು, ಯಾರೋ ಗದರಿದರು. ಕಲ್ಲು ಮನಸ್ಸಿನವಳು ಎಂದು ಅಡುಗೆಮನೆಯಲ್ಲಿ ಅಂದದ್ದೂ ಕಿವಿಗೆ ಬಿತ್ತು. ಕಲ್ಲಾದರೂ ಬಿಸಿಲಿಗೆ ಕಾಯುತ್ತದೆ. ನನಗೆ ಅದೂ ಇರಲಿಲ್ಲ. ಕಾರ್ಯ ಮುಗಿದ ಮೇಲೆ ಕೆಲಸಕ್ಕೆ ಹೋದೆ. ಸಾಲಾಗಿ ಬರುವ ಬಾಟಲಿಗಳ ಮುಚ್ಚಳ ನೆಟ್ಟಗಿದೆಯೇ ಎಂದು ನೋಡುವುದು ನನ್ನ ಕೆಲಸ. ಅದಕ್ಕೆ ಮನಸ್ಸು ಬೇಕಿಲ್ಲ, ಕಣ್ಣಿದ್ದರೆ ಸಾಕು. ಮನೆಯಲ್ಲಿ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತಿರಲಿಲ್ಲ, ಮಗಳು ಹೇಳಬೇಕಿತ್ತು. ಅಪ್ಪನ ವಿಷಯವನ್ನು ಅವಳೂ ಎತ್ತುತ್ತಿರಲಿಲ್ಲ. ವರಾಂಡದ ಕುರ್ಚಿಯನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ. ಕಸ ಗುಡಿಸುವಾಗ ನಾನು ಅದರ ಸುತ್ತ ಗುಡಿಸುತ್ತಿದ್ದೆ.

ಧಾರಾವಾಹಿಯನ್ನು ಹುಡುಕಿದ್ದು ಮಗಳೇ. ಯಾವುದೋ ನೆಟ್ ಪ್ಯಾಕಿನ ಜೊತೆ ಪುಕ್ಕಟೆ ಬಂದಿತ್ತು, ಶುಕ್ರವಾರಕ್ಕೊಂದು ಕಂತು. ಹಳೆಯ ಕಾಲದ ಇಂಗ್ಲೆಂಡ್. ಊರಾಚೆ ಕೆಸರು ಬಯಲಿನ ನಡುವೆ ಒಂದು ಕಲ್ಲಿನ ಬಂಗಲೆ. ಹಗಲಲ್ಲೂ ಒಳಗೆ ಕತ್ತಲೆ, ಗಾಳಿಗೆ ಆರುವ ಮೇಣದಬತ್ತಿ, ತನಗೆ ತಾನೇ ಕಿರುಗುಟ್ಟುವ ಮೆಟ್ಟಿಲು. ಮನೆಯ ಯಜಮಾನ ಸತ್ತಿದ್ದಾನೆ. ಅವನ ಹೆಂಡತಿ ಕಪ್ಪು ಗೌನು ಹಾಕಿಕೊಂಡು ಕಾರಿಡಾರಿನಲ್ಲಿ ಓಡಾಡುತ್ತಾಳೆ. ಉದ್ದನೆಯ ಊಟದ ಮೇಜಿನ ತುದಿಗೆ ಯಜಮಾನನ ಕುರ್ಚಿಯನ್ನು ಹಾಗೇ ಬಿಟ್ಟಿದ್ದಾರೆ, ಅದರಲ್ಲಿ ಯಾರೂ ಕೂರುವುದಿಲ್ಲ. ಪ್ರತಿ ಕಂತಿನ ಕೊನೆಗೆ ಆ ಕುರ್ಚಿ ಒಂದಿಷ್ಟು ಸರಿದ ಸದ್ದು ಬರುತ್ತದೆ. ಎಲ್ಲರೂ ತಿರುಗಿ ನೋಡುತ್ತಾರೆ, ಅಷ್ಟಕ್ಕೆ ಮುಗಿಯುತ್ತದೆ.

ಅದಕ್ಕೆ ಕನ್ನಡದ ಮಾತು ಕೂಡಿಸಿದ್ದವರು ಪುಸ್ತಕ ನುಂಗಿಕೊಂಡವರ ಹಾಗೆ ಮಾತಾಡಿಸಿದ್ದರು. ಅಡುಗೆಯವಳು ಕೂಡ ‘ಒಡತಿಯೇ, ಈ ದ್ವಾರವನ್ನು ತೆರೆಯಲಾಗದು’ ಅನ್ನುತ್ತಿದ್ದಳು. ಮಗಳು ಅದನ್ನು ಕಲಿತುಕೊಂಡು, ತಟ್ಟೆ ಮುಂದೆ ಕೂತು ‘ಮಾತೆಯೇ, ಅನ್ನವು ಬೆಂದಿಲ್ಲ’ ಅನ್ನುವಳು. ನಮ್ಮ ಮನೆಯಲ್ಲಿ ಯಾರಾದರೂ ನಕ್ಕರೆ ಅದು ಆಗ ಮಾತ್ರ. ಇನ್ನು ನಾನು ಆ ಧಾರಾವಾಹಿ ನೋಡುತ್ತಿದ್ದ ಕಾರಣ ಬೇರೆ. ಕಪ್ಪು ಗೌನಿನ ಆ ಹೆಂಗಸು ಒಂದೊಂದು ಕಂತು ಪೂರ್ತಿ ಬಾಯೇ ಬಿಡುತ್ತಿರಲಿಲ್ಲ. ಅಷ್ಟು ಜನ ಇದ್ದ ಬಂಗಲೆಯಲ್ಲಿ ಅವಳಿಗೆ ಅಳು ಎಂದು ಒಬ್ಬರೂ ಹೇಳಲಿಲ್ಲ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಗುತ್ತಿತ್ತು.

ಮಗಳು ಕತೆಯನ್ನೆಲ್ಲ ಅಜ್ಜಿಗೆ ಫೋನಿನಲ್ಲಿ ಹೇಳುತ್ತಿದ್ದಳು. ಅತ್ತೆ ಇರುವುದು ನರಸೀಪುರದಲ್ಲಿ, ನನ್ನ ಭಾವನ ಜೊತೆ. ನಮ್ಮ ಕಪಿಲೆ ಹೋಗಿ ಕಾವೇರಿಗೆ ಸೇರುವುದೂ ಅಲ್ಲೇ. ಒಂದು ದಿನ ಭಾವ ಫೋನು ಮಾಡಿದರು. ಮನೆಮಂದಿ ಕೂತು ನೋಡುವಂಥದ್ದೇನು ಅದು, ಅಪ್ಪನನ್ನು ಕಳೆದುಕೊಂಡ ಮಗುವಿಗೆ ತೋರಿಸುವಂಥದ್ದೇ ಎಂದು ಕೇಳಿದರು. ಗಂಡು ದಿಕ್ಕಿಲ್ಲದ ಮನೆ, ನಾನು ಶಿಫ್ಟು ಮುಗಿಸಿ ಬರುವವರೆಗೆ ಮಗು ಒಂಟಿ, ಅದರ ಮೇಲೆ ದೆವ್ವದ ಸೀರಿಯಲ್ಲು. ಮಗುವನ್ನು ನರಸೀಪುರಕ್ಕೆ ಕರೆಸಿಕೊಂಡು ಅಲ್ಲೇ ಸ್ಕೂಲಿಗೆ ಸೇರಿಸೋಣ, ತಮ್ಮ ಮಕ್ಕಳ ಜೊತೆ ಬೆಳೆಯಲಿ ಅಂದರು. ಕೆಟ್ಟವರಲ್ಲ ನಮ್ಮ ಭಾವ, ತಮ್ಮನ ಮಗಳು ಎಂದು ನಿಜವಾಗಿ ಮರುಗುತ್ತಿದ್ದರು. ಅವರ ಮನೆಯಲ್ಲಿ ದಿನಾ ಸಂಜೆ ಎಲ್ಲರೂ ಕೂತು ನೋಡುವ ಸೀರಿಯಲ್ಲಿನಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸುತ್ತಾಳೆ, ನಾದಿನಿ ಮಗು ಕದಿಯುತ್ತಾಳೆ, ಗಂಡ ವಾರಕ್ಕೊಮ್ಮೆ ಕೆನ್ನೆಗೆ ಹೊಡೆಯುತ್ತಾನೆ. ಅದು ಸಂಸಾರದ ಕತೆ, ಮಕ್ಕಳು ನೋಡಬಹುದು. ಇದನ್ನೆಲ್ಲ ಅನ್ನಬೇಕು ಅನ್ನಿಸಿತು. ಆದರೆ ನನ್ನ ಬಾಯಿಂದ ಬಂದದ್ದು ‘ಹೂಂ’ ಮಾತ್ರ. ಆಗ ಎಲ್ಲದಕ್ಕೂ ಅದೇ ಬರುತ್ತಿತ್ತು.

ಕಣ್ಣಾರೆ ನೋಡದೆ ತೀರ್ಮಾನ ಹೇಳುವವರಲ್ಲ ನನ್ನ ಅತ್ತೆ. ಬಟ್ಟೆ ಗಂಟು ಹಿಡಿದು ಬಸ್ಸು ಹತ್ತಿ ಬಂದೇ ಬಿಟ್ಟರು. ಮಗಳು ಮೊದಲ ಕಂತಿನಿಂದ ಹಚ್ಚಿದಳು. ಅತ್ತೆ ಗೋಡೆಗೆ ಒರಗಿ, ಕಾಲು ಚಾಚಿ, ಎಲೆಯಡಿಕೆ ಮೆಲ್ಲುತ್ತ ನ್ಯಾಯಕ್ಕೆ ಕೂತವರ ಹಾಗೆ ನೋಡಿದರು. ದೆವ್ವಕ್ಕೆ ಅವರು ಹೆದರಲಿಲ್ಲ. ಅವರ ತಕರಾರೆಲ್ಲ ಮನೆವಾರ್ತೆಯ ಮೇಲೆ. ಚಪ್ಪಲಿ ಹಾಕಿಕೊಂಡು ಹಾಸಿಗೆ ಹತ್ತುತ್ತಾರೆ, ಊಟದ ಮನೆಗೆ ನಾಯಿ ಬಿಟ್ಟುಕೊಂಡಿದ್ದಾರೆ, ಮುಸ್ಸಂಜೆಯಲ್ಲಿ ಮಲಗುತ್ತಾರೆ.

“ಬಾಗ್ಲಿಗೆ ನೀರಾಕಿಲ್ಲ, ದೀಪ ಅಚ್ಚಿಲ್ಲ. ದೆವ್ವ ಬರ್ದೆ ಲಕ್ಷ್ಮಿ ಬತ್ತಳಾ?” ಅಂದರು.

ಆದರೆ ಬಯ್ಯುತ್ತ ಬಯ್ಯುತ್ತಲೇ ಕತೆಗೆ ಸಿಕ್ಕಿಕೊಂಡರು. ಮಾರನೆಯ ದಿನ ನಾನು ಕೆಲಸದಿಂದ ಬರುವ ಹೊತ್ತಿಗೆ ಅಜ್ಜಿ ಮೊಮ್ಮಗಳು ಮುಖ ತೊಳೆದು, ದೇವರಿಗೆ ದೀಪ ಹಚ್ಚಿ, ಟೀವಿ ಮುಂದೆ ಅಣಿಯಾಗಿದ್ದರು. ಕಂತು ಮುಗಿದು ಕುರ್ಚಿ ಸರಿದ ಸದ್ದು ಬಂದಾಗ ಅತ್ತೆ ಎಲೆಯಡಿಕೆ ಮೆಲ್ಲುವುದನ್ನು ನಿಲ್ಲಿಸಿದರು.

“ಕುರ್ಚಿ ಮಡಗವ್ರೆ, ಎಲೆ ಮಡಗಿಲ್ಲ. ಅಸ್ಕಂಡು ಕೂತವ್ನೆ ಪಾಪ. ಒಂದ್ ಸಲ ಎಡೆ ಇಕ್ಕುದ್ರೆ ಎದ್ದೋಯ್ತಾನೆ.”

ನಮ್ಮ ಕಡೆ ಮಹಾಲಯ ಅಮಾವಾಸ್ಯೆಯ ಮಾರ್ಲಾಮಿ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರು ಇಷ್ಟಪಡುತ್ತಿದ್ದುದನ್ನೆಲ್ಲ ಎಲೆಗೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಬಂದುಬಿಡಬೇಕು. ಅವರು ಬಂದು ಉಂಡು ಹೋಗುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತೆಗೆಯುತ್ತೇವೆ. ಇಂಗ್ಲೆಂಡಿನವರಿಗೆ ಈ ಹಬ್ಬ ಇಲ್ಲ ಎಂಬುದು ಅತ್ತೆಗೆ ಹೊಳೆಯಲಿಲ್ಲ. ಎಲ್ಲಿ ಸಾವಿದೆಯೋ ಅಲ್ಲಿ ಎಡೆ ಇರಲೇಬೇಕು, ಆ ಮನೆಯವರು ಸೋಮಾರಿತನಕ್ಕೆ ಬಿಟ್ಟಿದ್ದಾರೆ ಎಂದೇ ಅವರ ಲೆಕ್ಕ.

ಮಗಳು ಟೀವಿ ಬಿಟ್ಟು ಅಜ್ಜಿಯ ಮುಖ ನೋಡುತ್ತಿದ್ದಳು. “ಎಡೆ ಇಟ್ರೆ ಹೋಗ್ಬಿಡ್ತಾರಾ ಅಜ್ಜಿ?” ಎಂದು ಕೇಳಿದಳು.

“ಒಟ್ಟೆ ತುಂಬುದ್ಮೇಲೆ ಇನ್ಯಾಕ್ ಕೂತಾರು ಕೂಸೇ?”

ಅವಳು ಅಷ್ಟಕ್ಕೆ ಬಿಡಲಿಲ್ಲ. ಹೊಟ್ಟೆ ತುಂಬದಿದ್ದರೆ, ಅರ್ಧ ತುಂಬಿದರೆ, ಬಾಗಿಲು ಬೇಗ ತೆಗೆದರೆ ಎಂದು ಮಲಗುವವರೆಗೂ ಕೇಳುತ್ತಲೇ ಇದ್ದಳು. ಅತ್ತೆಯ ಮುಖ ಸಣ್ಣಗಾಯಿತು. ಹತ್ತು ವರ್ಷದ ಮಗು ಸತ್ತವರ ವಿಷಯ ಇಷ್ಟು ಕೆದಕುವುದು ಅವರಿಗೆ ಸರಿಬರಲಿಲ್ಲ. ಬೆಳಿಗ್ಗೆ ಊರಿಗೆ ಹೊರಟು ನಿಂತಾಗ ತೀರ್ಮಾನ ಹೇಳಿದರು. ದೊಡ್ಡವರು ನೋಡಿದರೆ ನೋಡಿಕೊಳ್ಳಲಿ, ಕೂಸು ನೋಡುವಂಥದ್ದಲ್ಲ. ಹಬ್ಬಕ್ಕೆ ಬರುವಾಗ ಅವಳ ಬಟ್ಟೆಬರೆ ತೆಗೆದುಕೊಂಡು ಬಾ, ದಸರಾ ರಜೆಗೆ ಬಂದವಳು ಅಲ್ಲೇ ಇದ್ದುಬಿಡಲಿ, ಸ್ಕೂಲನ್ನು ನಿನ್ನ ಭಾವ ನೋಡಿಕೊಳ್ಳುತ್ತಾನೆ. ಮುಂದಿನ ಕಂತಿನಲ್ಲಿ ಏನಾಯಿತು ಅಂತ ಫೋನು ಮಾಡು ಎಂದೂ ಸೇರಿಸಿದರು.

ನಾನು ಆಗಲಿ ಅಂದೆ. ಹೀಗೆ ಬರೆಯುವಾಗ ವಿಚಿತ್ರ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ಕೈ ಮರಗಟ್ಟಿದಾಗ ಬೆರಳು ಚಿವುಟಿದರೂ ಯಾರದೋ ಬೆರಳು ಅನ್ನಿಸುತ್ತದಲ್ಲ, ಹಾಗಿತ್ತು. ಅವಳು ಹೋದರೆ ಮನೆಯಲ್ಲಿ ನಾನೊಬ್ಬಳೇ ಎಂಬುದು ಗೊತ್ತಿತ್ತು, ನೋವು ಮಾತ್ರ ನನ್ನವರೆಗೆ ಬಂದು ಮುಟ್ಟಲಿಲ್ಲ. ಅವಳ ಬಟ್ಟೆಗಳನ್ನು ಮಡಿಸಿ ಬ್ಯಾಗಿಗೆ ತುಂಬಿದೆ. ಎಷ್ಟು ದಿನಕ್ಕೆ ಎಂದು ಅವಳು ಕೇಳಿದಳು. ರಜೆಗೆ ಅಂದೆ. ಸ್ವೆಟರು ಯಾಕೆ ಹಾಗಾದರೆ ಅಂದಳು. ನಾನು ಬ್ಯಾಗಿನ ಜಿಪ್ಪು ಎಳೆದೆ.

ಕೆಲವರ ಮನೆಯಲ್ಲಿ ವರ್ಷ ತುಂಬದೆ ಹೊಸಬರನ್ನು ಎಡೆಗೆ ಸೇರಿಸುವುದಿಲ್ಲ. ಅತ್ತೆಯ ಮನೆಯಲ್ಲಿ ಮೊದಲ ಹಬ್ಬಕ್ಕೇ ಇಡುವುದು ವಾಡಿಕೆ. ಹಬ್ಬದ ದಿನ ನಡುಮನೆಯ ಪಕ್ಕದ ಕೋಣೆಯಲ್ಲಿ, ಹಿಂದೆಯೇ ತೀರಿಕೊಂಡಿದ್ದ ಮಾವನಿಗೆ ಒಂದು ಎಲೆ, ನನ್ನ ಗಂಡನಿಗೆ ಒಂದು ಎಲೆ. ಹೊಸ ಪಂಚೆ, ಹೊಸ ಅಂಗಿ. ಅನ್ನ, ಸಾರು, ಪಲ್ಯ, ವಡೆ. ಪಾಯಸ ಬೇಡ ಎಂದರು ಅತ್ತೆ, ಅವನಿಗೆ ಸಿಹಿಯೆಂದರೆ ಕಜ್ಜಾಯವೇ. ಬೆಳಿಗ್ಗೆಯಿಂದ ಬಾಣಲೆ ಮುಂದೆ ಕೂತು ತಾವೇ ಕರಿದಿದ್ದರು, ಓರಗಿತ್ತಿಯನ್ನೂ ನನ್ನನ್ನೂ ಹತ್ತಿರ ಸೇರಿಸಿರಲಿಲ್ಲ. ಬಡಿಸುವಾಗ ಗುಂಡಗೆ ಉಬ್ಬಿದ ಎರಡನ್ನು ಆರಿಸಿ ಮಗನ ಎಲೆಯ ತುದಿಗೆ ಇಟ್ಟರು. ನಾನು ಅವರ ಕೈ ನೋಡುತ್ತ ನಿಂತಿದ್ದೆ.

ಧೂಪ ಹಾಕುವ ಮುಂಚೆ ಅತ್ತೆ ಮಗನ ಎಲೆಯ ಮುಂದೆ ಕೂತು ಕೈ ಮುಗಿದರು.

“ಕೂಸು ಇನ್ಮೇಲೆ ನಂತಾವೇ ಇರ್ತಳೆ ಕಣಪ್ಪ. ನಿಂಗೆ ಒಪ್ಗೆ ಇದ್ರೆ ಉಂಡು ಓಗು.”

ರಜೆಯ ಮಾತು ಅಲ್ಲಿಗೆ ಮುಗಿಯಿತು. ಮಗಳು ನನ್ನ ಕಡೆ ತಿರುಗಿ ನೋಡಿದಳು. ನಾನು ಧೂಪದ ಹೊಗೆಯ ಕಡೆ ನೋಡಿದೆ. ಒಬ್ಬೊಬ್ಬರಾಗಿ ಸಾಂಬ್ರಾಣಿ ಹಾಕಿ ಅಡ್ಡಬಿದ್ದು ಹೊರಗೆ ಬಂದೆವು. ದೊಡ್ಡವರಿಂದ ಶುರುವಾಗಿ ಚಿಕ್ಕವಳದು ಕೊನೆಯ ಸರದಿ. ಅವಳು ಬಂದ ಮೇಲೆ ಭಾವ ಬಾಗಿಲು ಎಳೆದುಕೊಂಡರು.

ಜಗಲಿಯ ಮೇಲೆ ಎಲ್ಲರೂ ಕೂತೆವು. ಆ ಹೊತ್ತಿನಲ್ಲಿ ಜೋರಾಗಿ ಮಾತಾಡಬಾರದು, ಉಣ್ಣುವವರಿಗೆ ತೊಂದರೆ. ಬೀದಿಯ ಎಷ್ಟೋ ಮನೆಗಳಲ್ಲಿ ಹಾಗೇ ಬಾಗಿಲು ಮುಂದೆ ಮಾಡಿಕೊಂಡು ಜನ ಹೊರಗೆ ಕೂತಿದ್ದರು. ಮಗಳು ಮಾತ್ರ ಕೂರಲಿಲ್ಲ. ಒಳಗೆ ಹೋಗಿ, ಮುಚ್ಚಿದ ಕೋಣೆಯ ಬಾಗಿಲಿಗೆ ಅಂಟಿಕೊಂಡು, ಒಂದು ಕೈಯನ್ನು ಲಂಗದ ಮೇಲೆ ಒತ್ತಿ ಹಿಡಿದು ನಿಂತಳು. ಭಾವ ಎದ್ದು ಬಂದು, ಕೆಮ್ಮಿ ಸದ್ದು ಮಾಡಿ ಬಾಗಿಲು ತೆರೆದಾಗ ಅವರ ತೋಳಿನ ಕೆಳಗೆ ನುಗ್ಗಿ ಎಲ್ಲರಿಗಿಂತ ಮುಂಚೆ ಒಳಗೆ ಹೋದವಳು ಅವಳೇ. ಹೋದವಳು ಕೋಣೆಯ ನಡುವೆ ನಿಂತುಬಿಟ್ಟಳು. ಎಲೆಯ ಹಿಂದಿನ ಗೋಡೆ ನೋಡಿದಳು, ಬಾಗಿಲ ಸಂದಿ ನೋಡಿದಳು, ಮತ್ತೆ ಎಲೆ ನೋಡಿದಳು.

ಅತ್ತೆಯ ಕಣ್ಣು ಎಲೆಯ ಮೇಲೆ ಬಿತ್ತು. ಅನ್ನ ಹಾಗೇ ಇತ್ತು, ವಡೆ ಹಾಗೇ ಇತ್ತು. ಕಜ್ಜಾಯ ಎರಡೂ ಇರಲಿಲ್ಲ.

ಎಷ್ಟು ವರ್ಷದಿಂದ ಎಡೆ ಇಟ್ಟವರೋ ಅವರು. ಅನ್ನದ ಮೇಲೆ ಬೆರಳ ಗುರುತಿದೆ, ನೀರು ಕಮ್ಮಿಯಾಗಿದೆ ಎಂದು ಪ್ರತಿ ಸಲ ಎಲ್ಲರೂ ಹೇಳಿಕೊಳ್ಳುತ್ತಾರೆ, ಅರ್ಧ ನಂಬುತ್ತಾರೆ. ಇಂಥದ್ದನ್ನು ಯಾರೂ ಕಂಡಿರಲಿಲ್ಲ. ಅತ್ತೆ ಅಲ್ಲೇ ಕುಸಿದು ಕೂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ದುಃಖದ ಅಳುವಲ್ಲ ಅದು.

“ಬಂದಿದ್ದ ಕಣಮ್ಮಿ ನನ್ ಮಗ. ಒಪ್ಕಂಡು ತಿಂದೋಗವ್ನೆ.”

ಭಾವ ಕಣ್ಣು ಒರೆಸಿಕೊಂಡರು. ಓರಗಿತ್ತಿ ಪಕ್ಕದ ಮನೆಗೆ ಹೇಳಲು ಹೋದಳು. ಆಗ ನಾನು ಮಗಳ ಲಂಗ ನೋಡಿದೆ. ಜೇಬಿನ ಮೇಲೆ ಎಣ್ಣೆ ಹರಡಿಕೊಂಡಿತ್ತು.

ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಲ್ಲಿಸಿದೆ. ಬಯ್ಯಬೇಕೆಂದಿರಲಿಲ್ಲ, ಏನು ಮಾಡಬೇಕೆಂದೂ ಗೊತ್ತಿರಲಿಲ್ಲ. ನಾನು ಕೇಳುವ ಮುಂಚೆಯೇ ಅವಳು ಜೇಬಿಗೆ ಕೈ ಹಾಕಿ ಪುಡಿಯಾದ ಕಜ್ಜಾಯ ತೆಗೆದು ನನ್ನ ಅಂಗೈಗೆ ಹಾಕಿದಳು.

“ಸಿಹಿ ಸಿಗ್ದಿದ್ರೆ ಅಪ್ಪ ಏಳಲ್ವಲ್ಲ ಅಮ್ಮ. ಬಾಗ್ಲು ತೆಗ್ದಾಗ ಕೂತೇ ಇರ್ತಾರೆ ಅನ್ಕೊಂಡೆ.” ಬೆರಳು ಲಂಗಕ್ಕೆ ಒರೆಸಿಕೊಂಡು, “ಅವತ್ತು ನೀನು ಬೆಲ್ಲ ಕೊಟ್ಟೆ. ಎದ್ದು ಹೋಗ್ಬಿಟ್ರು,” ಅಂದಳು.

ಅಷ್ಟು ತಿಂಗಳಲ್ಲಿ ಮೊದಲ ಸಲ ನನಗೆ ನೋವಾಯಿತು. ಎದೆಯಲ್ಲಿ ಅಲ್ಲ, ಅಂಗೈಯಲ್ಲಿ ಶುರುವಾಗಿ ಮೇಲಕ್ಕೆ ಬಂತು. ಜೋಮು ಹಿಡಿದ ಕೈಗೆ ರಕ್ತ ಇಳಿಯುವಾಗ ಆಗುವ ನೋವು. ಈ ಮಗುವನ್ನು ಬಿಟ್ಟು ಆ ಖಾಲಿ ಮನೆಗೆ ಹೇಗೆ ಹೋಗುತ್ತೇನೆ ಅನ್ನಿಸಿತು, ಅನ್ನಿಸಿದ್ದೇ ಭಯವಾಯಿತು. ಆದರೆ ಅವಳನ್ನು ಉಳಿಸಿಕೊಳ್ಳಬೇಕೆಂದರೆ ಒಳಗೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಕೂತಿರುವ ಮುದುಕಿಗೆ, ನಿನ್ನ ಮಗ ಬಂದಿರಲಿಲ್ಲ ಎಂದು ಹೇಳಬೇಕು. ಅದನ್ನು ಹೇಳುವ ಬಾಯಿ ಯಾರಿಗಿದೆ. ನಾನು ಮುಷ್ಟಿ ಮುಚ್ಚಿಕೊಂಡು ಒಳಗೆ ಹೋಗಿ, ಅತ್ತೆ, ಕೂಸು ನನ್ನ ಜೊತೆ ಬರುತ್ತಾಳೆ ಎಂದಷ್ಟೇ ಹೇಳಿದೆ. ಭಾವ ತಲೆಯೆತ್ತಿದರು. ಅವನೇ ಒಪ್ಪಿ ಉಂಡು ಹೋದ ಮೇಲೆ ನಿನ್ನದೇನು ಎಂದು ಅತ್ತೆ ಮೆತ್ತಗೆ ಕೇಳಿದರು. ಬರುತ್ತಾಳೆ ಎಂದು ಮತ್ತೆ ಹೇಳಿದೆ. ಈ ಸಲ ದನಿ ಜೋರಾಗಿತ್ತು.

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಮುಷ್ಟಿ ನೋಡಿದರು. ಬೆರಳ ಸಂದಿಯಿಂದ ಎಣ್ಣೆ ಇಳಿಯುತ್ತಿತ್ತು. ಬೆಳಿಗ್ಗೆಯೆಲ್ಲ ಅದೇ ಎಣ್ಣೆಯ ಮುಂದೆ ಕೂತಿದ್ದವರು ಅವರು. ನನ್ನ ಬೆರಳುಗಳನ್ನು ತಾವೇ ಬಿಡಿಸಿದರು. ಅಂಗೈಯಲ್ಲಿದ್ದ ಕಜ್ಜಾಯದ ಪುಡಿ ನೋಡಿದರು. ಆಮೇಲೆ ನನ್ನ ಹಿಂದೆ ಅವಿತು ನಿಂತಿದ್ದ ಮೊಮ್ಮಗಳನ್ನು ಕರೆದು ಯಾಕೆ ಎಂದು ಕೇಳಿದರು. ಅವಳು ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದಳು, ಇನ್ನೂ ಸಣ್ಣ ದನಿಯಲ್ಲಿ.

ಅತ್ತೆ ಅವಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡರು.

“ನಂಗೀ ಬುದ್ಧಿ ಬರ್ನಿಲ್ವಲ್ಲ ಕೂಸೇ,” ಅಂದರು.

ಎಡೆಯ ಅನ್ನವನ್ನು ಎಲ್ಲರೂ ಹಂಚಿಕೊಂಡು ಉಂಡೆವು. ಸಾರಿಗೆ ಉಪ್ಪು ಜಾಸ್ತಿಯಾಗಿತ್ತು, ನನಗೆ ಗೊತ್ತಾಯಿತು. ಸಂಜೆ ಬಸ್‌ ಸ್ಟ್ಯಾಂಡಿಗೆ ಮಗಳ ಬ್ಯಾಗನ್ನು ಭಾವನೇ ಹೊತ್ತು ತಂದರು. ಸೀರಿಯಲ್ಲಿನ ಮಾತು ಅವರು ಎತ್ತಲಿಲ್ಲ. ಪಕ್ಕದ ಮನೆಯವರಿಗೆ ಕಜ್ಜಾಯದ ನಿಜವನ್ನು ಯಾರಾದರೂ ಹೇಳಿದರೋ ಇಲ್ಲವೋ ನನಗೆ ತಿಳಿಯದು. ಬಸ್ಸಿನಲ್ಲಿ ಮಗಳು ನನ್ನ ಮೇಲೆ ಒರಗಿ ನಿದ್ದೆ ಹೋದಳು. ಅವಳ ತಲೆಯ ಭಾರಕ್ಕೆ ಭುಜ ನೋಯುತ್ತಿತ್ತು. ಸರಿಸಲಿಲ್ಲ.

ಮುಂದಿನ ಶುಕ್ರವಾರ ಹೊಸ ಕಂತು ಬಂತು. ಹದಿನಾರು ವರ್ಷದ ಎಚ್ಚರಿಕೆಯೂ ಬಂತು. ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ನೋಡಿದೆವು. ಮುಗಿಯುತ್ತಿದ್ದ ಹಾಗೆ ಅತ್ತೆಯ ಫೋನು ಬಂತು. ಊಟವಾಯಿತಾ, ಕೂಸು ಉಂಡಳಾ ಎಂದು ವಿಚಾರಿಸಿದರು. ಆಮೇಲೆ ಆ ಕುರ್ಚಿಯವನು ಎದ್ದು ಹೋದನೇ ಎಂದು ಕೇಳಿದರು.

ಇಲ್ಲ ಅತ್ತೆ, ಇನ್ನೂ ಅಲ್ಲೇ ಇದ್ದಾನೆ ಅಂದೆ.

“ಕೂತಿರ್ಲಿ ಬುಡು,” ಅಂದರು.